ಒಂದು ಬಾಟ್ಲಿ ಕಮ್ಮಿ

“ಎಲ್ಲಿ, ಕಾಲು ತೋರಿಸಿ,” ಅಂದ್ರು ಭಾವ.

ಕನ್ನಡಕದ ಅಂಗಡಿಯ ಹಿಂದಿನ ರೂಮು. ಶನಿವಾರ ಮಧ್ಯಾಹ್ನ. ಲೆನ್ಸ್ ಉಜ್ಜೋ ಮಿಷನ್ನು ಬಾಯಿ ಮುಚ್ಕೊಂಡು ಮೂಲೆಯಲ್ಲಿ ಕೂತಿತ್ತು. ಮೇಜಿನ ಸುತ್ತ ಇದ್ದವರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಆಮೇಲೆ ಔಷಧಿ ಅಂಗಡಿಯವನೂ ಹಲ್ಲಿನ ಡಾಕ್ಟರಮ್ಮನೂ ಸಾಕ್ಸ್ ಬಿಚ್ಚಿ ಸ್ಟೂಲಿನ ಮೇಲೆ ಪಾದ ಇಟ್ರು. ದಿನಾ ಊರೋರ ಬಾಯಿ ತೆಗೆಸಿ ಬೈಯೋ ಡಾಕ್ಟರಮ್ಮನಿಗೆ ಇವತ್ತು ಕಾಲು ಚಾಚಿ ಬೈಸ್ಕೊಳ್ಳೋ ಯೋಗ.

ಭಾವ ಬಗ್ಗಿ ಹೆಬ್ಬೆರಳಿನ ಉಗುರು ನೋಡಿದ್ರು. ಬೆಟ್ಟ ಹತ್ತುವಾಗ ಎದೆ ಮಾತಾಡುತ್ತೆ, ಇಳಿಯುವಾಗ ಉಗುರು ಮಾತಾಡುತ್ತೆ, ಉಗುರು ಆಡೋದು ಬರೀ ಕೆಟ್ಟ ಮಾತು ಅನ್ನೋದು ಅವರ ಸಿದ್ಧಾಂತ. ಬೂಟಿನ ಮೂತಿಗೆ ಬಡಿದು ಬಡಿದು ಸಂಜೆ ಹೊತ್ತಿಗೆ ಉಗುರು ನೀಲಿಗಟ್ಟಿ ಬಿದ್ದೇ ಹೋಗುತ್ತಂತೆ. ಡಾಕ್ಟರಮ್ಮನ ಕೈಗೆ ನೇಲ್‌ಕಟರ್ ಕೊಟ್ರು. ಔಷಧಿ ಅಂಗಡಿಯವನಿಗೆ ಕೊಡೋ ಅಗತ್ಯ ಬೀಳ್ಲಿಲ್ಲ. ಅವನು ಮಾಂಸದವರೆಗೂ ಕತ್ತರಿಸ್ಕೊಂಡು ಬಂದಿದ್ದ.

“ಉಗುರಿನ ಭಾರನೂ ಯಾಕೆ ಹೊರಬೇಕು ಅಂತ,” ಅಂದ ಅವನು, ನಗದೆ.

ಅವನನ್ನ ಎಲ್ಲರೂ ಗುಲಗಂಜಿ ಅಂತಿದ್ರು. ಮಾತ್ರೆ ತೂಗಿ ತೂಗಿ ಮನುಷ್ಯನಿಗೆ ತೂಕದ ಹುಚ್ಚು ಹತ್ತಿತ್ತು. ಬೆಟ್ಟಕ್ಕೆ ಹೊರಟ್ರೆ ಹಲ್ಲುಜ್ಜೋ ಬ್ರಷ್ಷಿನ ಹಿಡಿ ಕತ್ತರಿಸ್ತಿದ್ದ, ಚಮಚದ ಬಾಲ ಮುರೀತಿದ್ದ, ಅಂಗಿಯ ಕಾಲರಿನ ಹಿಂದಿರೋ ಚೀಟಿ ಬಿಚ್ಚಿ ಎಸೀತಿದ್ದ. ಮದುವೆ ಉಂಗುರಾನೂ ಮನೇಲೇ ಬಿಟ್ಟು ಬರ್ತಿದ್ದ. ಅದು ತೂಕಕ್ಕೋ ಬೇರೆ ಯಾವುದಕ್ಕೋ ಅಂತ ಅವನ ಹೆಂಡತಿ ಒಂದ್ಸಲ ಎಲ್ಲರ ಮುಂದೇನೇ ಕೇಳಿದ್ರು.

ಅಂಗಡಿಯ ಒಡತಿ ಇದನ್ನೆಲ್ಲ ನೋಡ್ತಾ ಮೂಲೆಯಲ್ಲಿ ನಿಂತಿದ್ಲು. ಅವಳು ಭಾವನ ನಾದಿನಿ, ಹೆಂಡತಿಯ ತಂಗಿ. ಊರೋರು ಅವಳನ್ನ ಭೂತಗನ್ನಡಿ ಅಂತಾರೆ, ಯಾಕಂದ್ರೆ ಸಣ್ಣದನ್ನ ದೊಡ್ಡದು ಮಾಡಿ ನೋಡೋದು ಅವಳ ಅಭ್ಯಾಸ. ಮನೆಯವರಿಗೆ ಅಷ್ಟುದ್ದ ಕರೆಯೋ ಪುರುಸೊತ್ತಿಲ್ಲ. ಕನ್ನಡಿ ಬಿಟ್ಟು ಬರೀ ಭೂತ ಅಂತಾರೆ.

ಇಷ್ಟು ದಿನ ಓದದೇ ಇದ್ದವರಿಗೆ ಇಷ್ಟು ಸಾಕು: ಹೋದ ಭಾನುವಾರ ಇದೇ ಗುಂಪಿನ ನಕ್ಷೆ ಮೇಷ್ಟ್ರು ಏಣಿನ ಮೇಲೆ ಕಾಣೆಯಾದ್ರು, ಅವರನ್ನ ಕೊನೇಲಿ ನೋಡಿದ್ದು ಭಾವ.

ಏಣು ಅಂದ ಮಾತ್ರಕ್ಕೆ ಅಲ್ಲಿ ಏಣಿ ಇರುತ್ತೆ ಅಂದ್ಕೋಬೇಡಿ. ಎರಡು ಶಿಖರದ ನಡುವೆ ಗರಗಸದ ಹಲ್ಲಿನ ಹಾಗೆ ಚಾಚಿಕೊಂಡಿರೋ ಬೆಟ್ಟದ ಬೆನ್ನೆಲುಬು ಅದು. ಎಡಗಡೆ ಆಳ, ಬಲಗಡೆ ಇನ್ನೂ ಆಳ. ನಡುವೆ ಒಬ್ಬರ ಹಿಂದೆ ಒಬ್ಬರು ಹೋಗೋವಷ್ಟು ಜಾಗ. ಅರ್ಧ ದಾರಿಯಲ್ಲಿ ಆನೆ ಗಾತ್ರದ ಒಂಟಿಕಲ್ಲು. ಬುಡದ ಬಾವಿ ಬಿಟ್ಟ ಮೇಲೆ ಆಚೆ ಕಡೆ ಇಳಿಯೋವರೆಗೂ ಒಂದು ತೊಟ್ಟು ನೀರಿಲ್ಲ.

ಅಂದ್ರೆ, ಇಲ್ಲ ಅಂತ ಎಲ್ಲರೂ ಅಂದ್ಕೊಂಡಿದ್ರು.

ಭಾವ ಪೊಲೀಸರಿಗೆ ಹೇಳಿದ್ದು ಹೀಗೆ. ಡಾಕ್ಟರಮ್ಮನ ಕಾಲು ಉಳುಕಿ ಅವರೂ ಗುಲಗಂಜಿಯೂ ಶುರುವಿನಲ್ಲೇ ವಾಪಸ್ ಹೋದ್ರು. ಭಾವ, ಮೇಷ್ಟ್ರು ಇಬ್ಬರೇ ಒಂಟಿಕಲ್ಲು ಮುಟ್ಟಿದ್ರು. ಅಷ್ಟು ಹೊತ್ತಿಗೆ ಮೇಷ್ಟ್ರ ಬಾಟ್ಲಿ ಎರಡೂ ಖಾಲಿ. ಭಾವ ತಮ್ಮದರಲ್ಲೇ ಒಂದು ಗುಟುಕು ಕೊಟ್ರು. ನಕ್ಷೆಯಲ್ಲಿ ಒಂದು ಗೆರೆ ಸರಿ ಇದೆಯಾ ನೋಡ್ಕೊಂಡು ಬರ್ತೀನಿ, ಇಲ್ಲೇ ಇರಿ ಅಂತ ಮೇಷ್ಟ್ರು ಬಂಡೆ ಆಚೆ ಹೋದ್ರು. ಮಂಜು ಬಂತು. ಮೇಷ್ಟ್ರು ಬರ್ಲಿಲ್ಲ.

ಮಾರನೇ ದಿನ ಮೇಷ್ಟ್ರ ಬ್ಯಾಗು ಸಿಕ್ತು. ಒಂಟಿಕಲ್ಲಿಗಿಂತ ಎಷ್ಟೋ ಮುಂಚೆ, ಈಚೆ ಕಡೆಯ ಕೊರಕಲಿನಲ್ಲಿ. ಒಳಗೆ ಎರಡೂ ಬಾಟ್ಲಿ ಕತ್ತಿನವರೆಗೂ ತುಂಬಿದ್ವು.

ಇನ್ಸ್‌ಪೆಕ್ಟರ್ ಭಾವನ ಮನೆ ಸೋಫಾದಲ್ಲಿ ಕೂತು, ಅಕ್ಕನ ಮುಂದೆ, ಭೂತಗನ್ನಡಿ ಮುಂದೆ, ತಣ್ಣಗೆ ಹೇಳಿದ್ದ: ಅರ್ಧ ದಿನ ಬೆಟ್ಟ ಹತ್ತಿದ ಮನುಷ್ಯ ಒಂದು ಗುಟುಕೂ ಕುಡಿದಿಲ್ಲ ಅಂದ್ರೆ ಒಂದೋ ಅವರು ಒಂಟೆ, ಇಲ್ಲಾ ನೀವು ಹೇಳ್ತಿರೋದು ಸುಳ್ಳು. ಮೇಷ್ಟ್ರು ಬೆಳಿಗ್ಗೆನೇ ಬಿದ್ದಿದ್ದಾರೆ, ಅಥವಾ ಬೀಳಿಸಲಾಗಿದೆ. ಬಾಟ್ಲಿ ವಿಷಯ ಮನೆಯಿಂದ ಆಚೆ ಹೋಗಬಾರದು ಅಂತನೂ ಎಚ್ಚರಿಸಿ ಎದ್ದ.

ಸೋಮವಾರ ವಿಚಾರಣೆ. ಮಾತು ಸುಳ್ಳು ಅಂತ ಬರೆದ್ರೆ ಭಾವನ ಮಾರ್ಗದರ್ಶಿ ಲೈಸೆನ್ಸು ಹೋಗುತ್ತೆ. ಅದರ ಹಿಂದೆ ಭಾವನೂ ಹೋಗ್ತಾರೆ, ಕಂಬಿಗಳ ಹಿಂದೆ.

ಖಾಲಿಯಾದ ಬಾಟ್ಲಿ ತುಂಬಬೇಕು ಅಂದ್ರೆ ಮೇಲೆ ಎಲ್ಲೋ ನೀರಿರಬೇಕು. ಅಷ್ಟೇ ಭೂತಗನ್ನಡಿಯ ಲೆಕ್ಕ, ಬ್ಯಾಗು ಈಚೆಗೆ ಬಂದಿದ್ದು ಹೇಗೆ ಅನ್ನೋದು ಆಮೇಲಿನ ಮಾತು. ಆ ನೀರು ಸಿಕ್ಕಿದ್ರೆ ಭಾವನ ಮಾತು ನಿಜ, ಸಿಗದಿದ್ರೆ ಭಾವನ ಕಥೆ ಮುಗೀತು. ಅದನ್ನ ಹುಡುಕೋಕೇ ಅವಳು ನಾಳೆಯ ಚಾರಣ ಇಟ್ಟಿದ್ದು. ಮಿಕ್ಕವರಿಗೆ ಮಾತ್ರ, ಮೇಷ್ಟ್ರನ್ನ ಇನ್ನೊಂದು ಸಲ ಹುಡುಕಿ ಬರೋಣ ಅಂತ ಹೇಳಿದ್ಲು. ಅದೂ ಸುಳ್ಳೇನಲ್ಲ.

ಭಾವನಿಗೇ ಇದರಲ್ಲಿ ನಂಬಿಕೆ ಇರ್ಲಿಲ್ಲ. ಆ ಏಣು ಒಣ ಮೂಳೆ ಕಣಮ್ಮ, ನಾನು ಅಷ್ಟು ಸಲ ಓಡಾಡಿದ್ದೀನಿ, ನೆಕ್ಕೋಕೂ ಒದ್ದೆ ಇಲ್ಲ ಅಂದಿದ್ರು. ಆದ್ರೆ ಅವರು ಓಡಾಡಿದ್ದೆಲ್ಲ ಒಂಟಿಕಲ್ಲಿನ ಬಲಗಡೆ. ದಾರಿ ಇರೋದೇ ಬಲಕ್ಕೆ. ಎಡಕ್ಕೆ ಇಣುಕಿದ್ರೆ ತಲೆ ತಿರುಗುತ್ತೆ ಅಂತ ಯಾರೂ ಹೋಗಲ್ಲ. ಹುಡುಕೋಕೆ ಹೋದ ಪೊಲೀಸರೂ ಬ್ಯಾಗು ಬಿದ್ದಿದ್ದ ಕೊರಕಲು ಜಾಲಾಡಿ ಅಲ್ಲಿಂದಲೇ ಕೈ ತೊಳ್ಕೊಂಡ್ರು.

ಉಗುರು ಪರೀಕ್ಷೆ ಮುಗೀತು. ಮೇಜಿನ ಮೇಲೆ ನಕ್ಷೆ ಹಾಸಿದ್ರು. ಮೇಷ್ಟ್ರೇ ಕೈಯಾರೆ ಬರೆದ ನಕ್ಷೆ. ನಾಲ್ಕು ಮೂಲೆಗೂ ಕನ್ನಡಕದ ಡಬ್ಬಿ ಭಾರ ಇಟ್ಟಿತ್ತು. ನೀರಿದ್ದ ಕಡೆ ಮೇಷ್ಟ್ರು ನೀಲಿ ಪೆನ್ಸಿಲ್ ಆಡಿಸೋರು. ಏಣಿನ ಉದ್ದಕ್ಕೂ ನೀಲಿಯ ಸುಳಿವಿಲ್ಲ.

ಭಾವ ಬೆರಳಿಟ್ಟು ದಾರಿ ತೋರಿಸ್ತಾ ಹೋದ್ರು. ಬೆಳಕು ಹರಿಯೋ ಮುಂಚೆ ಬುಡದಲ್ಲಿರಬೇಕು. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಒಬ್ಬರ ನೇರಕ್ಕೆ ಒಬ್ಬರು ನಿಲ್ಲಬಾರದು, ಮೇಲಿನವರು ಉರುಳಿಸಿದ್ದು ಕೆಳಗಿನವರ ಹಣೆಬರಹ ಆಗುತ್ತೆ. ಬಂಡೆ ಸೀಳಿನಲ್ಲಿ ಹಗ್ಗ. ಕಿರಿದಾದ ಕಡೆ ಎರಡು ಕಾಲು, ಎರಡು ಕೈ, ಈ ನಾಲ್ಕರಲ್ಲಿ ಮೂರು ಯಾವಾಗ್ಲೂ ಬಂಡೆ ಮೇಲಿರಬೇಕು. ಗಾಳಿ ಎದ್ರೆ ಕೂರಬೇಕು, ವಾದ ಮಾಡಬಾರದು. ಮಧ್ಯದಲ್ಲಿ ಇಳಿದು ತಪ್ಪಿಸ್ಕೊಳ್ಳೋಕೆ ಎರಡು ಕಡೆ ದಾರಿ ಇದೆ, ಅದನ್ನ ಇವತ್ತೇ ಬಾಯಿಪಾಠ ಮಾಡ್ಕೋಬೇಕು. ಸೂರ್ಯ ನೆತ್ತಿ ದಾಟಿದ ಮೇಲೆ ಎಲ್ಲಿದ್ರೆ ಅಲ್ಲಿಂದ ವಾಪಸ್.

“ತುದಿ ನಾಲ್ಕು ಹೆಜ್ಜೆ ಇದ್ರೂನಾ?” ಅಂದ್ರು ಡಾಕ್ಟರಮ್ಮ, ಉಳುಕಿದ್ದ ಕಾಲು ಈಗ ಸರಿಯಾಗಿದೆ ಅಂತ ತೋರಿಸೋಕೆ ಪಾದ ತಿರುಗಿಸ್ತಾ.

“ಒಂದೇ ಹೆಜ್ಜೆ ಇದ್ರೂ. ತುದಿ ಎಲ್ಲೂ ಓಡಿಹೋಗಲ್ಲ ಡಾಕ್ಟ್ರೇ. ಓಡಿಹೋಗೋದು ಬೆಳಕು.”

ಕಿಟಕಿ ಪಕ್ಕ ಕೂತಿದ್ದ ಅಕ್ಕ ಸೂಜಿ ಎಳೀತಾ ನಕ್ಕಳು. ಹರಿದ ಬ್ಯಾಗಿನ ಪಟ್ಟಿ ಹೊಲೀತಿದ್ಲು. ದೂರದ ಬೆಟ್ಟ ನುಣ್ಣಗೆ ಅಂತಾರೆ. ಅಕ್ಕನ ಪಾಲಿಗೆ ಅದು ದೂರದ್ದೂ ಅಲ್ಲ, ನುಣ್ಣಗೂ ಇಲ್ಲ, ಸಾಕ್ಷಾತ್ ಸವತಿ. ಮದುವೆಯಾದಾಗಿಂದ ಪ್ರತಿ ಭಾನುವಾರ ಗಂಡ ಅದರ ಹತ್ರಾನೇ ಹೋಗ್ತಾರೆ. ಮಂಡಿ ನೋವು ಅಂತ ಅವಳು ಒಂದು ದಿನವೂ ಬುಡ ಬಿಟ್ಟು ಮೇಲೆ ಕಾಲಿಟ್ಟವಳಲ್ಲ. ಈ ವಾರ ಪೂರ್ತಿ ಅವಳು ಹೆಚ್ಚು ಮಾತೂ ಆಡಿಲ್ಲ, ಹೆಚ್ಚು ಅತ್ತೂ ಇಲ್ಲ. ಗಟ್ಟಿಗಿತ್ತಿ ಅಂತ ಎಲ್ಲರೂ ಹೊಗಳ್ತಿದ್ರು.

ಊಟದ ಮಾತು ಬಂತು. ಕಡಲೆಬೀಜ, ಒಣದ್ರಾಕ್ಷಿ, ಬ್ರೆಡ್ಡು. ದ್ರಾಕ್ಷಿ ಹಲ್ಲಿಗಂಟುತ್ತೆ ಅಂತ ಡಾಕ್ಟರಮ್ಮ ಒಂದು ಪುಟ್ಟ ಭಾಷಣ ಬಿಗಿದ್ರು. ಎಲ್ಲಿ ಕೂತು ತಿನ್ನೋದು ಅನ್ನೋ ಪ್ರಶ್ನೆಗೆ ಗುಲಗಂಜಿ ತಟ್ಟನೆ, ಒಂಟಿಕಲ್ಲು ದಾಟಿ ಕೂರೋಣ, ಆಚೆ ನೆರಳಿರುತ್ತೆ ಅಂದ.

“ನೀನು ಯಾವಾಗಯ್ಯ ಆಚೆ ಹೋಗಿದ್ದೆ?” ಅಂದ್ರು ಭಾವ.

“ಎಲ್ಲಿ ಹೋಗಿದ್ದೀನಿ? ಅಷ್ಟು ದೊಡ್ಡ ಕಲ್ಲು, ಒಂದು ಕಡೆ ಆದ್ರೂ ನೆರಳು ಬೀಳ್ದೇ ಇರುತ್ತಾ?”

ಎಲ್ಲರೂ ನಕ್ರು. ಭೂತಗನ್ನಡಿನೂ ನಕ್ಕಳು. ಆದ್ರೆ ಅವಳ ನಗು ಅರ್ಧ ದಾರಿಯಿಂದ ವಾಪಸ್ ಬಂತು.

ಆಮೇಲೆ ಚೀಟಿ ಎತ್ತೋ ಶಾಸ್ತ್ರ.

ಈ ಗುಂಪಿಗೆ ಒಂದು ವಿಚಿತ್ರ ಪದ್ಧತಿ. ಯಾರೂ ತಮ್ಮ ಬ್ಯಾಗು ತಾವು ತುಂಬೋ ಹಾಗಿಲ್ಲ. ಮೊದಲನೇ ಚಾರಣಕ್ಕೆ ಒಬ್ಬ ಮಹಾನುಭಾವ ಇಸ್ತ್ರಿ ಪೆಟ್ಟಿಗೆ ಹೊತ್ತು ತಂದಿದ್ದನಂತೆ. ತುದಿಯಲ್ಲಿ ಫೋಟೋ ತೆಗೆಸ್ಕೊಳ್ಳುವಾಗ ಅಂಗಿ ಸುಕ್ಕಾಗಿರಬಾರದು ಅಂತ. ಅವತ್ತೇ ಭಾವ ನಿಯಮ ಮಾಡಿದ್ರು: ಅವರವರ ಆಸೆ ಅವರವರಿಗೆ ಭಾರ ಅನ್ಸಲ್ಲ, ಅದಕ್ಕೇ ಒಬ್ಬರ ಬ್ಯಾಗು ಇನ್ನೊಬ್ಬರು ತುಂಬಬೇಕು. ಯಾರಿಗೆ ಯಾರು ಅನ್ನೋದು ಚೀಟಿ ಹೇಳುತ್ತೆ. ತುಂಬಿ ಕಟ್ಟಿದ ಮೇಲೆ ಬೆಟ್ಟದ ಮೇಲೆ ಮೊದಲ ಸಲ ಕೂರೋವರೆಗೂ ಯಾರೂ ತಮ್ಮ ಬ್ಯಾಗಿನ ಬಾಯಿ ಬಿಚ್ಚಬಾರದು.

ಹೋದ ವಾರ ಮೇಷ್ಟ್ರ ಬ್ಯಾಗು ಭಾವನ ಪಾಲಿಗೆ ಬಂದಿತ್ತು. ಇನ್ಸ್‌ಪೆಕ್ಟರ್‌ಗೆ ಅದೂ ಒಂದು ಬೆಲ್ಲದ ಉಂಡೆ ಸಿಕ್ಕಿದ ಹಾಗಾಗಿತ್ತು. ತುಂಬಿದ್ದೂ ನೀವೇ, ಕೊನೇಲಿ ನೋಡಿದ್ದೂ ನೀವೇ ಅಂತ.

ಇವತ್ತಿನ ಚೀಟಿಯಲ್ಲಿ ಭಾವನದ್ದು ಡಾಕ್ಟರಮ್ಮನಿಗೆ, ಡಾಕ್ಟರಮ್ಮನದ್ದು ಭಾವನಿಗೆ. ಗುಲಗಂಜಿಯ ಬ್ಯಾಗು ಭೂತಗನ್ನಡಿಗೆ, ಭೂತಗನ್ನಡಿಯದ್ದು ಗುಲಗಂಜಿಗೆ.

ನೆಲದ ಮೇಲೆ ಸಾಮಾನು ಹರಡ್ಕೊಂಡು ನಾಲ್ಕು ಜನ ನಾಲ್ಕು ದಿಕ್ಕಿಗೆ ಬೆನ್ನು ಹಾಕಿ ಕೂತ್ರು. ಡಾಕ್ಟರಮ್ಮ ಭಾವನ ಬ್ಯಾಗಿಗೆ ನೀರಿನ ಬಾಟ್ಲಿ ತುರುಕಿದ್ದು ನೋಡಿದ್ರೆ ಅವರು ಬೆಟ್ಟಕ್ಕಲ್ಲ, ಮರಳುಗಾಡಿಗೆ ಕಳಿಸ್ತಿದ್ದಾರೆ ಅನ್ಸ್ತಿತ್ತು. ಭೂತಗನ್ನಡಿ ಗುಲಗಂಜಿಯ ಬ್ಯಾಗಿಗೆ ನಿಯಮದಂತೆ ದೊಡ್ಡ ಬಾಟ್ಲಿ ಎರಡು ಇಟ್ಟಳು. ಅವನ ಬಾಲವಿಲ್ಲದ ಚಮಚ ಇಟ್ಟಳು. ಹಗ್ಗ, ಟೋಪಿ, ಗಾಳಿ ತಡೆಯೋ ಜಾಕೆಟ್ಟು. ಕಟ್ಟಿ ಪಕ್ಕಕ್ಕಿಟ್ಟು, ಮೇಜಿನ ಮೇಲಿದ್ದ ನಕ್ಷೆ ಮಡಚಿಡೋಕೆ ಎದ್ದಳು.

ಭಾವನೂ ಡಾಕ್ಟರಮ್ಮನೂ ಜೀಪಿನಲ್ಲಿದ್ದ ದೊಡ್ಡ ಹಗ್ಗ ಬಿಚ್ಚಿ ಪರೀಕ್ಷೆ ಮಾಡೋಕೆ ಹೊರಗೆ ಹೋದ್ರು. ಗುಲಗಂಜಿ ಕೈ ತೊಳೆಯೋಕೆ ಎದ್ದ. ಅಕ್ಕ ಹೊಲೀತಾನೇ ಇದ್ಲು.

ಭೂತಗನ್ನಡಿ ತನ್ನ ಬ್ಯಾಗು ಎತ್ತಿ ನೋಡಿದ್ಲು. ಬಿಚ್ಚಬಾರದು ಅಂತ ನಿಯಮ, ಎತ್ತಬಾರದು ಅಂತ ಏನಿಲ್ಲ. ಹೂವಿನ ಬುಟ್ಟಿ ಹಾಗೆ ಎದ್ದು ಬಂತು. ಹೊರಗಿಂದ ಒತ್ತಿ ನೋಡಿದ್ಲು. ಒಂದೇ ಬಾಟ್ಲಿ. ನಿಯಮ ಮುರಿದು ಬಿಚ್ಚಿದ್ಲು. ಒಂದೇ ಬಾಟ್ಲಿ.

ಒಣ ಬೆಟ್ಟಕ್ಕೆ ಒಂದೇ ಬಾಟ್ಲಿ ಕೊಟ್ಟು ಕಳಿಸೋದು ಅಂದ್ರೆ ಮಧ್ಯಾಹ್ನದ ಬಿಸಿಲಲ್ಲಿ ಆಸಾಮಿಯನ್ನ ಮಲಗಿಸೋ ಉಪಾಯ. ಕೊಲ್ಲೋಕೆ ಹೊರಟವನು ಇಷ್ಟು ಹಗುರವಾಗಿ ಕೊಲ್ತಾನಾ? ಅವಳು ಗುಲಗಂಜಿಯ ಸ್ವಂತ ಬ್ಯಾಗು ಎತ್ತಿದ್ಲು. ತಾನೇ ಕೈಯಾರೆ ತುಂಬಿದ ಬ್ಯಾಗು. ಅದೂ ಹೂವಿನ ಬುಟ್ಟಿ. ಅವಳಿಟ್ಟಿದ್ದ ಎರಡನೇ ಬಾಟ್ಲಿ ಕನ್ನಡಕದ ಫ್ರೇಮಿನ ಪೆಟ್ಟಿಗೆಗಳ ಹಿಂದೆ, ತಪ್ಪು ಮಾಡಿದ ಮಗು ಹಾಗೆ, ಗೋಡೆಗೆ ಮುಖ ಮಾಡಿ ನಿಂತಿತ್ತು.

ಅವಳನ್ನ ಮುಗಿಸೋ ಯೋಚನೆ ಇದ್ದಿದ್ರೆ ತನ್ನ ಬಾಟ್ಲಿ ಯಾಕೆ ತೆಗೀತಾನೆ? ಇಬ್ಬರದ್ದೂ ತೆಗೆದಿದ್ದಾನೆ ಅಂದ್ರೆ ಇಬ್ಬರಿಗೂ ಬೇಕಾಗಲ್ಲ ಅಂತ ಅವನಿಗೆ ಗೊತ್ತು.

ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿದ್ಲು. ಬೆಳ್ಳಿ ಹಾಳೆಯಲ್ಲಿ ಸುತ್ತಿದ ಮಾತ್ರೆ ಸಿಕ್ಕಿದ್ವು. ತಲೆನೋವಿಗಲ್ಲ, ಜ್ವರಕ್ಕಲ್ಲ. ಹಳ್ಳದ ನೀರು, ಒರತೆ ನೀರು ಶುದ್ಧ ಮಾಡೋಕೆ ಹಾಕೋ ಮಾತ್ರೆ. ಅವಳ ಬ್ಯಾಗಲ್ಲೂ ಅದೇ.

ನೀರೇ ಇಲ್ಲದ ಕಡೆಗೆ ನೀರು ಶುದ್ಧ ಮಾಡೋ ಮಾತ್ರೆ. ಬೇರೆ ಯಾರಾದ್ರೂ ಇಟ್ಟಿದ್ರೆ ಇರಲಿ ಬಿಡು ಅನ್ಬಹುದಿತ್ತು. ಅಂಗಿಯ ಚೀಟಿ ಭಾರ ಅಂತ ಬಿಚ್ಚೋ ಮನುಷ್ಯ ಬೇಡದ ಒಂದು ಮಾತ್ರೆಯನ್ನ ಬೆನ್ನ ಮೇಲೆ ಹೊರ್ತಾನಾ? ಸತ್ರೂ ಹೊರಲ್ಲ. ಸತ್ತ ಮೇಲೆ ಹೊರೋರಿಗೂ ಭಾರ ಆಗಬಾರದು ಅಂತ ಉಪವಾಸ ಮಾಡೋ ಜಾತಿ ಅದು.

ಗುಲಗಂಜಿಗೆ ತನ್ನ ಕಪ್ಪು ಕಾಣಲ್ಲ ಅಂತಾರೆ. ಇವನು ಬಾಯಿ ಬಿಟ್ಟಿರಲಿಲ್ಲ. ಅವನ ಚೀಲ ಬಿಟ್ಟಿತ್ತು.

ಅವಳು ಎರಡೂ ಬ್ಯಾಗು ಮೊದಲಿನ ಹಾಗೇ ಕಟ್ಟಿದ್ಲು. ಅಕ್ಕ ತಲೆ ಎತ್ತಿ ನೋಡಿ, ಏನೇ ಭೂತ ಹುಡುಕ್ತಿದ್ದೀಯ ಅಂತ ಕೇಳಿದ್ಲು. ಏನಿಲ್ಲ, ಗಂಟು ಸಡಿಲ ಆಗಿತ್ತು ಅಂತ ತಂಗಿ ಹೇಳಿ, ಮುಂದಿನ ರೂಮಿಗೆ ಹೋದ್ಲು.

ಗುಲಗಂಜಿ ಕೈ ಒರೆಸ್ತಾ ಬರ್ತಿದ್ದ. ನಾಳೆ ಕಣ್ಣಿಗೆ ಬಿಸಿಲು ಜಾಸ್ತಿ, ಒಂದ್ಸಲ ಪವರ್ ನೋಡ್ಬಿಡ್ತೀನಿ ಕೂತ್ಕೊಳ್ಳಿ ಅಣ್ಣ ಅಂತ ಅವಳು ಅವನನ್ನ ಪರೀಕ್ಷೆ ಮಾಡೋ ಕುರ್ಚಿಗೆ ಕರ್ಕೊಂಡು ಹೋದ್ಲು. ಪುಕ್ಕಟೆ ಅಂದ ಮೇಲೆ ಅವನು ಯಾಕೆ ಬೇಡ ಅಂತಾನೆ? ಕೂತ.

ಆ ಕುರ್ಚಿ ಬಗ್ಗೆ ಒಂದು ಮಾತು ಹೇಳ್ಬೇಕು. ಗದ್ದ ಇಡೋಕೆ ಒಂದು ಬಟ್ಟಲು, ಹಣೆ ಒತ್ತೋಕೆ ಒಂದು ಪಟ್ಟಿ. ಒಳಗಡೆ ದೂರದ ರಸ್ತೆ, ರಸ್ತೆ ಕೊನೇಲಿ ಒಂದು ಬಣ್ಣದ ಬಲೂನು. ಅಲ್ಲಾಡಬೇಡಿ, ಬಲೂನೇ ನೋಡ್ತಿರಿ ಅಂತ ಹೇಳಿದ್ರೆ ಮುಗೀತು. ಹೌದಕ್ಕೂ ಅಲ್ಲಕ್ಕೂ ನಡುವೆ ತಲೆಯಾಡಿಸಿ ತಪ್ಪಿಸ್ಕೊಳ್ಳೋದು ನಮ್ಮ ಜನರ ಹುಟ್ಟುಗುಣ. ಗದ್ದ ಬಂಧಿಯಾದ ಮೇಲೆ ಆ ದಾರಿ ಮುಚ್ಚಿ ಹೋಗುತ್ತೆ. ನಾಲಿಗೆ ಒಂದೇ ಉಳಿಯೋದು.

ಭೂತಗನ್ನಡಿ ದೀಪ ಆರಿಸಿ ಎದುರು ಕೂತ್ಲು. ಮಿಷನ್ನಿನ ಆಚೆ ಕಡೆಯಿಂದ ಅವನ ಕಣ್ಣುಗುಡ್ಡೆ ಒಂದು ತಟ್ಟೆಯಷ್ಟು ದೊಡ್ಡದಾಗಿ ಕಾಣ್ತಿತ್ತು.

“ಬಲೂನು ಕಾಣ್ತಿದೆಯಾ ಅಣ್ಣ?”

“ಕಾಣ್ತಿದೆ.”

“ಒಂಟಿಕಲ್ಲಿನ ಆಚೆ ನೀರು ಕಾಣ್ತಿದೆಯಾ?”

ಕಣ್ಣುಗುಡ್ಡೆ ಒಂದ್ಸಲ ಹೊಯ್ದಾಡ್ತು. ಬಲೂನು ಬಿಟ್ಟು ಎಲ್ಲಿಗೋ ಓಡಿ ಮತ್ತೆ ಬಂತು.

“ಏನಮ್ಮ ಇದು, ತಮಾಷೆ.”

“ಅಲ್ಲಾಡಬೇಡಿ. ನನ್ನ ಬ್ಯಾಗಲ್ಲಿ ಒಂದೇ ಬಾಟ್ಲಿ ಇಟ್ಟಿದ್ದೀರ. ನಿಮ್ಮ ಬ್ಯಾಗಿಂದ ಒಂದು ತೆಗೆದಿದ್ದೀರ. ಎರಡರಲ್ಲೂ ಮಾತ್ರೆ ಇಟ್ಟಿದ್ದೀರ. ನೀವು ಅವತ್ತು ಡಾಕ್ಟರಮ್ಮನ ಜೊತೆ ವಾಪಸ್ ಹೋಗ್ಲಿಲ್ಲ ಅಲ್ವಾ? ಮೇಷ್ಟ್ರ ಹಿಂದೆ ಹೋದ್ರಿ.”

ಗುಲಗಂಜಿ ಗದ್ದ ಎತ್ತಲಿಲ್ಲ. ಅದು ಅವನ ಒಳ್ಳೇತನವೋ ಭಯವೋ ಹೇಳೋಕೆ ಕಷ್ಟ. ಡಾಕ್ಟರಮ್ಮನನ್ನ ಬೆನ್ನ ಮೇಲೆ ಹೊತ್ತುಕೊಂಡು ಬುಡದವರೆಗೂ ಇಳಿಸಿದ್ದು ತಾನೇ, ಅವರ ತೂಕ ಎಷ್ಟು ಅಂತ ಸಾಯೋವರೆಗೂ ಮರೆಯಲ್ಲ, ಬೇಕಿದ್ರೆ ಅವರನ್ನೇ ಕೇಳಿ, ತೂಕ ಒಂದು ಬಿಟ್ಟು ಅಂತ ಹೇಳಿದ. ಬಂಡೆ ಆಚೆ ಈ ಜನ್ಮದಲ್ಲಿ ಕಾಲಿಟ್ಟಿಲ್ಲ ಅಂದ. ನೀರಿದೆ ಅಂತ ಬೇರೆಯವರು ಹೇಳಿದ್ದು ಕೇಳಿ ಗೊತ್ತು, ಅಷ್ಟೇ. ನಾಳೆ ಊಟದ ಹೊತ್ತಿಗೆ ಎಲ್ಲರೂ ಬಾಟ್ಲಿ ಹೊತ್ತು ಸುಸ್ತಾಗಿ ಕೂತಾಗ, ತಾನು ಹಗುರವಾಗಿ ಎದ್ದು ಹೋಗಿ ನೀರು ಹಿಡ್ಕೊಂಡು ಬಂದು ಎಲ್ಲರ ಮುಖ ನೋಡಬೇಕು ಅಂತ ಆಸೆ ಇತ್ತು. ಆ ಆಸೆಗೇ ಒಂದು ವಾರದಿಂದ ನಿದ್ದೆ ಬಂದಿಲ್ಲವಂತೆ.

ಅವನ ಕಣ್ಣು ಈಗ ಬಲೂನಿನ ಮೇಲೆ ನೆಟ್ಟಗೆ ನಿಂತಿತ್ತು. ಸುಳ್ಳು ಹೇಳೋ ಕಣ್ಣು ಅಷ್ಟು ನೆಟ್ಟಗೆ ನಿಲ್ಲಲ್ಲ. ಭೂತಗನ್ನಡಿ ಆ ಕುರ್ಚಿ ಮೇಲೆ ಅರ್ಧ ಊರಿನ ಕಣ್ಣು ನೋಡಿದ್ದಾಳೆ.

“ಇದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?”

“ಅವರು ನೀರಿನ ವಿಷಯ ಕೇಳಲೇ ಇಲ್ವಲ್ಲಮ್ಮ. ಕೇಳಿದ್ದು ಕಾಲು ಉಳುಕಿದ ವಿಷಯ.”

ಅವಳು ಇನ್ಸ್‌ಪೆಕ್ಟರ್ ಎಚ್ಚರಿಕೆಯನ್ನ ಪಕ್ಕಕ್ಕಿಟ್ಟು ಹೇಳಿಬಿಟ್ಲು. ಮೇಷ್ಟ್ರ ಬ್ಯಾಗಲ್ಲಿ ಬಾಟ್ಲಿ ತುಂಬಿದ್ವು ಅಂತ. ಅದಕ್ಕೇ ಭಾವ ಸುಳ್ಳುಗಾರ ಆಗಿರೋದು ಅಂತ. ಮೇಲೆ ನೀರಿದೆ ಅಂತ ಒಬ್ಬರು ಬಾಯಿ ಬಿಟ್ಟಿದ್ರೂ ಭಾವ ಈ ವಾರ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ರು ಅಂತ.

ಗುಲಗಂಜಿ ತಾನಾಗೇ ಗದ್ದ ಎತ್ತಿದ. ಮಂದ ಬೆಳಕಲ್ಲಿ ಅವನ ಮುಖ ಹಸಿ ಗೋಡೆ ಹಾಗಾಗಿತ್ತು.

“ತುಂಬಿದ್ವಾ? ನನಗೆ ಯಾರೂ ಹೇಳ್ಲೇ ಇಲ್ಲ. ದೇವರಾಣೆ ಗೊತ್ತಿರ್ಲಿಲ್ಲ. ಅಲ್ಲಮ್ಮ, ಗೊತ್ತಿದ್ರೆ ನಿಮ್ಮ ಭಾವನಿಗೋಸ್ಕರ ನಾನು ಮಾತು ಮುರೀತಿರ್ಲಿಲ್ವಾ?”

“ಯಾರಿಗೆ ಕೊಟ್ಟ ಮಾತು?”

ಹೊರಗೆ ರಸ್ತೆಯಲ್ಲಿ ಭಾವ ಹಗ್ಗ ಎಳೆದು ಎಳೆದು ನೋಡ್ತಿದ್ದದ್ದು ಗಾಜಿನ ಬಾಗಿಲಿನಿಂದ ಕಾಣ್ತಿತ್ತು. ಡಾಕ್ಟರಮ್ಮ ಇನ್ನೊಂದು ತುದಿ ಹಿಡ್ಕೊಂಡು, ಹಲ್ಲು ಕೀಳೋ ಭಂಗಿಯಲ್ಲಿ ಕಾಲು ಊರಿ ನಿಂತಿದ್ರು.

ಭೂತಗನ್ನಡಿ ಒತ್ತಾಯ ಮಾಡ್ಲಿಲ್ಲ. ಕಾದಳು. ಕಾಯೋದು ಅವಳ ಕಸುಬಿನ ಅರ್ಧ. ಮೇಲಿನ ಸಾಲು ಓದೋಕೆ ಬರದ ಅಜ್ಜನೂ ಕಾದ್ರೆ ಕೊನೆಗೆ ಏನೋ ಒಂದು ಅಕ್ಷರ ಹೇಳೇ ಹೇಳ್ತಾನೆ.

“ಮೇಷ್ಟ್ರು ಕಾಣೆಯಾಗೋ ಹಿಂದಿನ ದಿನ,” ಅಂತ ಶುರು ಮಾಡಿದ ಗುಲಗಂಜಿ, ಕೈ ಬೆರಳು ನೋಡ್ಕೊಳ್ತಾ. ಅಂಗಡಿಗೆ ಒಬ್ಬರು ಬಂದು ಈ ಮಾತ್ರೆ ಕೇಳಿದ್ರಂತೆ. ಬಂಡೆ ಸಂದಿಯಿಂದ ತೊಟ್ಟಿಕ್ಕೋ ನೀರು, ಪಾಚಿ ಹಸಿರು ಇದೆ, ಒಂದು ಬಾಟ್ಲಿಗೆ ಎಷ್ಟು ಹಾಕಬೇಕು ಅಂತ. ಎಲ್ಲಿಯ ನೀರು ಅಂತ ಇವನು ಕೇಳಿದ. ಅವರು ಮೊದಲು ಹೇಳ್ಲಿಲ್ಲ. ಬಾಟ್ಲಿ ಕಮ್ಮಿ ಮಾಡ್ಕೋಬಹುದಲ್ಲ ಅನ್ನೋ ಆಸೆಗೆ ಇವನು ಬೆನ್ನು ಬಿಡ್ಲಿಲ್ಲ. ಕೊನೆಗೆ ಹೇಳಿದ್ರು: ಒಂಟಿಕಲ್ಲು ದಾಟಿ ಎಡಕ್ಕೆ ಇಳಿದ್ರೆ ಒಬ್ಬರು ಕೂರೋವಷ್ಟು ಮೆಟ್ಟಿಲಿದೆ, ನೆರಳಿದೆ, ಅಲ್ಲೇ ಒರತೆ. ಯಾರಿಗೂ ಹೇಳಬೇಡಿ, ಮುಖ್ಯವಾಗಿ ನಮ್ಮ ಮನೆಯವರಿಗೆ ಗೊತ್ತಾಗಬಾರದು ಅಂತ ಕೈ ಮೇಲೆ ಕೈ ಇಟ್ಟು ಮಾತು ತಗೊಂಡ್ರು.

“ನಮ್ಮ ಮನೆಯವರಿಗೆ ಅಂದ್ರಾ?”

“ಹೂಂ.” ಗುಲಗಂಜಿ ಹೊರಗೆ ಹಗ್ಗ ಎಳೀತಿದ್ದ ಮನುಷ್ಯನ ಕಡೆ ನೋಡಿದ. “ನಿಮ್ಮ ಭಾವನಿಗೆ. ಹೇಳಿದ್ದು ನಿಮ್ಮಕ್ಕ.”

ಭೂತಗನ್ನಡಿ ದೀಪ ಹಾಕೋದು ಮರೆತು ಎದ್ದು ನಿಂತ್ಲು.

ಒಂದು ಕ್ಷಣಕ್ಕೆ ಮನಸ್ಸು ಹಾರಾಡ್ತು. ನೀರಿದೆ. ಭಾವ ಉಳಿದ್ರು. ಸೋಮವಾರ ಇನ್ಸ್‌ಪೆಕ್ಟರನ್ನೇ ಆ ಒರತೆ ಹತ್ರ ಕರ್ಕೊಂಡು ಹೋಗಿ ಒಂದು ಲೋಟ ಕುಡಿಸಬಹುದು. ಮರುಕ್ಷಣವೇ ಆ ಸಂತೋಷ ಕಾಲು ಜಾರಿ ಬಿತ್ತು. ನೀರಿದೆ ಅಂತ ಸಾಬೀತು ಮಾಡಬೇಕು ಅಂದ್ರೆ ಅದು ಯಾರಿಗೆ ಗೊತ್ತಿತ್ತು ಅಂತನೂ ಹೇಳಬೇಕಾಗುತ್ತೆ. ಇನ್ಸ್‌ಪೆಕ್ಟರ್ ಸೋಫಾದಲ್ಲಿ ಕೂತು ಬಾಟ್ಲಿ ಮಾತಾಡಿದಾಗ ಅಕ್ಕ ಅಲ್ಲೇ ಇದ್ಲು. ಗಂಡನನ್ನ ಸುಳ್ಳುಗಾರ ಅಂದಾಗ ಅಲ್ಲೇ ನಿಂತು ಟ್ರೇ ಹಿಡ್ಕೊಂಡಿದ್ಲು. ಒಂದು ಮಾತು ಆಡಿದ್ರೆ ಗಂಡ ಉಳೀತಿದ್ದ. ಆಡ್ಲಿಲ್ಲ.

ಮಂಡಿ ನೋವು ಅಂತ ಬುಡ ಬಿಟ್ಟು ಮೇಲೆ ಹೋಗದವಳಿಗೆ ಎಡಗಡೆಯ ಮೆಟ್ಟಿಲಿನ ನೆರಳು ಹೇಗೆ ಗೊತ್ತು?

ಗುಲಗಂಜಿಗೆ ಇಲ್ಲೇ ಕೂತಿರಿ ಅಂದ್ಲು. ಅವನು, ಗದ್ದ ಇಡಬೇಕಾ ಅಂತ ಕೇಳಿದ. ಅವಳಿಗೆ ಕೇಳಿಸ್ಲಿಲ್ಲ.

ಹಿಂದಿನ ರೂಮಿನ ಬಾಗಿಲಲ್ಲಿ ಬಂದು ನಿಂತ್ಲು. ಸೂಜಿದಾರ ಕಿಟಕಿ ಕಟ್ಟೆ ಮೇಲಿತ್ತು. ಅಕ್ಕ ನೆಲದ ಮೇಲೆ ಕೂತಿದ್ಲು, ಎರಡೂ ಮಂಡಿ ಸಲೀಸಾಗಿ ಮಡಚಿ. ಸುತ್ತ ಬ್ಯಾಗುಗಳು ಬಾಯಿ ತೆರ್ಕೊಂಡು ಬಿದ್ದಿದ್ವು. ಫ್ರೇಮಿನ ಪೆಟ್ಟಿಗೆ ಹಿಂದಿದ್ದ ಬಾಟ್ಲಿ ಗುಲಗಂಜಿಯ ಬ್ಯಾಗಿಗೆ ವಾಪಸ್ ಹೋಗಿತ್ತು. ಮಾತ್ರೆಗಳ ಬೆಳ್ಳಿ ಹಾಳೆ ಕಸದ ಬುಟ್ಟಿಯಲ್ಲಿತ್ತು. ಅಕ್ಕ ಕೊಳಾಯಿ ನೀರು ತುಂಬಿದ ಇನ್ನೊಂದು ದೊಡ್ಡ ಬಾಟ್ಲಿಯನ್ನ ತಂಗಿಯ ಬ್ಯಾಗಿಗೆ ತುರುಕ್ತಿದ್ಲು. ಸೊಂಟಕ್ಕೆ ಸಿಕ್ಕಿಸಿದ ಸೆರಗಿನಿಂದ ಒದ್ದೆ ಒರೆಸಿ, ಮುಚ್ಚಳ ಮತ್ತೊಂದು ಸಲ ಬಿಗಿ ಮಾಡಿದ್ಲು.

“ಅಕ್ಕ,” ಅಂದ್ಲು ಭೂತಗನ್ನಡಿ. “ಒಂಟಿಕಲ್ಲು ದಾಟಿದ್ರೆ ಎಡಗಡೆ ನೀರಿದೆಯಂತಲ್ಲ. ಇನ್ನೊಂದು ಬಾಟ್ಲಿ ಯಾಕೆ?”

ಅಕ್ಕನ ಕೈ ನಿಲ್ಲಲಿಲ್ಲ. ಯಾರು ಹೇಳಿದ್ರು ಅಂತ ಕೇಳ್ಲಿಲ್ಲ, ಯಾವ ನೀರು ಅಂತನೂ ಕೇಳ್ಲಿಲ್ಲ. ಬ್ಯಾಗಿನ ದಾರ ಎಳೆದು ಗಂಟು ಹಾಕಿದ್ಲು. ಆಮೇಲೆ ತಂಗಿಯನ್ನ ನೋಡಿದ್ಲು, ಚಿಕ್ಕವಳಿದ್ದಾಗ ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ತಿದ್ದ ಹಾಗೆ.

“ಆ ನೀರು ಈಗ ಕುಡಿಯೋ ಹಾಗಿಲ್ಲ ಕಣೆ.”